ಯಾವ ಪುಸ್ತಕ ಅರ್ಧಕ್ಕೆ ಬಿಟ್ರಿ, ಅದನ್ನ ಹೇಳಿ ಮೊದಲು

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಪುಸ್ತಕದಂಗಡಿ. ಬೆಳಿಗ್ಗೆ ಷಟರ್ ಎತ್ತಿ, ಕಸ ಗುಡಿಸಿ, ಗಲ್ಲಾದ ಮುಂದೆ ಊದಿನಕಡ್ಡಿ ಹಚ್ಚುವಷ್ಟರಲ್ಲಿ ಯಾರಾದರೊಬ್ಬರು ಬಂದು ಕೇಳೇ ಕೇಳುತ್ತಾರೆ: "ಕನ್ನಡದಲ್ಲಿ ಓದೋಕೆ ಶುರು ಮಾಡ್ಬೇಕು ಅಂತಿದೀನಿ ಸಾರ್. ಒಂದು ಒಳ್ಳೆ ಪುಸ್ತಕ ಹೇಳಿ." ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರೂ ಇದನ್ನೇ ಕೇಳಿದ್ದಾರೆ. ಸಾರು ಬಡಿಸುವ ಹೊತ್ತಲ್ಲಿ!

ನಾನು ತಿರುಗಿ ಕೇಳುವುದು ಒಂದೇ. "ಕೊನೇದಾಗಿ ಯಾವ ಪುಸ್ತಕ ಅರ್ಧಕ್ಕೆ ಬಿಟ್ರಿ?"

ಜನ ತಬ್ಬಿಬ್ಬಾಗುತ್ತಾರೆ. ಏನು ಓದಿದ್ದೀರಿ ಅಂದರೆ ಎಲ್ಲರ ಹತ್ತಿರವೂ ಒಂದು ಪಟ್ಟಿ ರೆಡಿ ಇರುತ್ತದೆ. ಅದರಲ್ಲಿ ಅರ್ಧ ಶಾಲೆಯ ಪಠ್ಯದ ನೆನಪು, ಇನ್ನರ್ಧ ಮರ್ಯಾದೆಗೆ ಹೇಳಿದ್ದು. ಬಿಟ್ಟ ಪುಸ್ತಕದ ಬಗ್ಗೆ ಮಾತ್ರ ಯಾರೂ ಸುಳ್ಳು ಹೇಳುವುದಿಲ್ಲ. ಎಷ್ಟನೇ ಪುಟದಲ್ಲಿ ಬಿಟ್ಟೆ, ಯಾಕೆ ಬಿಟ್ಟೆ ಅಂತ ಹೇಳುವಾಗ ಆ ಮನುಷ್ಯನ ಓದು ಎಲ್ಲಿ ಎಡವುತ್ತದೆ ಅಂತ ನನಗೆ ಗೊತ್ತಾಗಿಬಿಡುತ್ತದೆ.

ಈ ಬುದ್ಧಿ ಸುಮ್ನೆ ಬಂದದ್ದಲ್ಲ. ಒಮ್ಮೆ ಸಾಫ್ಟ್‌ವೇರ್ ಕೆಲಸದ ಹುಡುಗನೊಬ್ಬ ಬಂದು "ಕನ್ನಡದ ಬೆಸ್ಟ್ ಕಾದಂಬರಿ ಕೊಡಿ" ಅಂದ. ನಾನೂ ಜಂಬದಿಂದ 'ಮಲೆಗಳಲ್ಲಿ ಮದುಮಗಳು' ತೆಗೆದುಕೊಟ್ಟೆ. ಕುವೆಂಪು ಅವರ 1967ರ ಕಾದಂಬರಿ, ಇಟ್ಟಿಗೆಯಷ್ಟು ದಪ್ಪ. ಬೆಸ್ಟ್ ಅಂದದ್ದಕ್ಕೆ ಕೊಟ್ಟದ್ದೇನೋ ಸರಿಯೇ. ಆದರೆ ಹುಡುಗ ಐದು ತಿಂಗಳು ಇತ್ತ ತಲೆ ಹಾಕಲಿಲ್ಲ. ಒಂದು ಸಂಜೆ ದೇವರಾಜ ಮಾರ್ಕೆಟ್ಟಿನಲ್ಲಿ ಎದುರಿಗೆ ಸಿಕ್ಕ. ಸಾಲ ಕೊಟ್ಟವನನ್ನು ಕಂಡಹಾಗೆ ಮುಖ ತಿರುಗಿಸಿ ಹೂವಿನಂಗಡಿ ಕಡೆ ಹೋದ. ಬಿಡಲಿಲ್ಲ ನಾನು. ಹಿಂದೆಯೇ ಹೋಗಿ "ಭಾನುವಾರ ಬಾ, ಅದೇ ಪುಸ್ತಕ ತಗೊಂಡು ಬಾ" ಅಂದೆ.

ತಿಂಗಳ ಎರಡನೇ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಅಂಗಡಿಯಲ್ಲಿ ಒಂದಷ್ಟು ಜನ ಸೇರುತ್ತೇವೆ. ಬ್ಯಾನರ್ ಇಲ್ಲ, ಮೈಕ್ ಇಲ್ಲ. ಪುಸ್ತಕ ಬಿಡುಗಡೆ ಸಮಾರಂಭಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ? ಬಣ್ಣದ ಕಾಗದ ಸುತ್ತಿದ ಕಟ್ಟು ಬಿಚ್ಚುವುದು, ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದು ಫೋಟೋ, ಶಾಲು, ಹಣ್ಣಿನ ಬುಟ್ಟಿ, ಐದಾರು ಭಾಷಣ, ಉಪ್ಪಿಟ್ಟು ಕೇಸರಿಬಾತು. ಇಷ್ಟೆಲ್ಲ ಆದರೂ ಆ ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದುವವರು ಯಾರೂ ಇರುವುದಿಲ್ಲ. ನಮ್ಮಲ್ಲಿ ಇರುವುದು ಅದೊಂದೇ. ಅರ್ಧಕ್ಕೆ ಬಿಟ್ಟ ಪುಸ್ತಕ ತರಬೇಕು, ಯಾಕೆ ಬಿಟ್ಟೆ ಅಂತ ಹೇಳಬೇಕು, ಬಿಟ್ಟ ಪುಟವನ್ನು ಎಲ್ಲರ ಮುಂದೆ ಓದಬೇಕು.

ಆ ಭಾನುವಾರ ಹುಡುಗ ಬಂದ. "ಸಿಂಬಾವಿ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ... ಯಾರು ಯಾವ ಮನೆಯವ್ರು ಅಂತಾನೇ ಗೊತ್ತಾಗ್ಲಿಲ್ಲ. ಎಕ್ಸೆಲ್ ಶೀಟ್ ಮಾಡೋಕೆ ಹೋದೆ. ಅರವತ್ತನೇ ಪುಟಕ್ಕೆ ಸುಸ್ತಾಯ್ತು" ಅಂದ. ನಮ್ಮ ಗುಂಪಿನಲ್ಲಿ ತೀರ್ಥಹಳ್ಳಿ ಕಡೆಯ ರಿಟೈರ್ಡ್ ಟೀಚರೊಬ್ಬರಿದ್ದಾರೆ. ಅವರು ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಯ್ಯೋ ಮಾರಾಯಾ, ಯಾರು ಮಾಡು ಅಂದ್ರು ಅದನ್ನ? ಮೊದಲ್ನೇ ಸಲಕ್ಕೆ ಹೆಸರೆಲ್ಲ ಬಿಟ್ಟಾಕು. ಗುತ್ತಿ ಜೊತೆ ನಾಯಿ ಇದೆಯಲ್ಲ, ಹುಲಿಯ, ಅದರ ಹಿಂದೆ ಹೋಗು ಸಾಕು."

ಆಮೇಲೆ ಪುಸ್ತಕ ಇಸಕೊಂಡು ಮೊದಲ ಎರಡು ಪುಟ ಅವರೇ ಓದಿದರು. ಕಾಗದದ ಮೇಲೆ ತೊಡಕು ಅನ್ನಿಸಿದ್ದ ಮಾತುಗಳು ಅವರ ಬಾಯಲ್ಲಿ ಮನೆ ಜಗುಲಿಯ ಮಾತಿನ ಹಾಗೆ ಬಂದವು. ಹುಡುಗ ಬೆರಳಿಟ್ಟುಕೊಂಡು ಸಾಲು ಹಿಂಬಾಲಿಸುತ್ತಿದ್ದ. ಇವನಿಗೆ ಬೇಕಾಗಿದ್ದದ್ದು ಬೇರೆ ಪುಸ್ತಕ ಅಲ್ಲ, ಒಂದು ದನಿ. ಕೌಂಟರಿನಲ್ಲಿ ಕೂತು ಬಿಲ್ ಹರಿಯುವ ನನಗೆ ಅದು ಹೊಳೆದಿರಲೇ ಇಲ್ಲ.

(ಕನ್ನಡದ ಎರಡು ದೊಡ್ಡ ನಾಯಿಗಳು ಅಪ್ಪ ಮಗನ ಪುಸ್ತಕಗಳಲ್ಲೇ ಇವೆ, ಗಮನಿಸಿದ್ದೀರಾ? ಕುವೆಂಪು ಅವರ ಹುಲಿಯ, ತೇಜಸ್ವಿಯವರ ಕಿವಿ.)

ಹಾಗಂತ ಹೆಸರು ಹೇಳದೆ ಜಾರಿಕೊಳ್ಳುತ್ತೇನೆ ಅಂದುಕೊಳ್ಳಬೇಡಿ. "ಇಂಗ್ಲಿಷ್ ಬೇಗ ಓದ್ತೀನಿ, ಕನ್ನಡ ಒತ್ತಕ್ಷರ ಬಂದ್ರೆ ನಿಂತುಬಿಡ್ತೀನಿ" ಅನ್ನುವವರಿಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೊಡುತ್ತೇನೆ. ಬೆಂಗಳೂರಿನ ಒಂದು ಕುಟುಂಬ, ದಿಢೀರ್ ಬಂದ ದುಡ್ಡು. ತೆಳ್ಳಗಿದೆ, ಎರಡು ಸಂಜೆಯಲ್ಲಿ ಮುಗಿಯುತ್ತದೆ. ಮುಗಿಸಿದೆ ಅನ್ನುವ ಖುಷಿ ಮುಂದಿನ ಪುಸ್ತಕ ಕೊಳ್ಳುವಂತೆ ಮಾಡುತ್ತದೆ. ಕತೆ ಅಂದರೆ ಬೇಜಾರು, ಏನಾದರೂ ತಿಳಿದುಕೊಳ್ಳುವಂಥದ್ದು ಬೇಕು ಅನ್ನುವವರಿಗೆ ತೇಜಸ್ವಿ. ಎಲ್ಲರೂ 'ಕರ್ವಾಲೊ' ಅನ್ನುತ್ತಾರೆ. ನಾನು 'ಪರಿಸರದ ಕತೆ' ಅನ್ನುತ್ತೇನೆ. ಬಿಡಿ ಬಿಡಿ ಬರಹಗಳು, ಎಲ್ಲಿ ಬೇಕಾದರೂ ತೆರೆಯಬಹುದು, ಬಸ್ಸಿನಲ್ಲಿ ಓದುತ್ತಾ ನಗು ಬಂದರೆ ನಾನು ಜವಾಬ್ದಾರನಲ್ಲ.

2025ರ ಮೇ ತಿಂಗಳು ನೆನಪಿದೆ. ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ವಾರ. ಅದುವರೆಗೂ ಒಳಗೆ ಕಾಲಿಡದವರೂ ಬಂದು "ಹಾರ್ಟ್ ಲ್ಯಾಂಪ್ ಕನ್ನಡದಲ್ಲಿ ಕೊಡಿ" ಅಂದರು. ದೀಪಾ ಭಾಸ್ತಿ ಅನುವಾದಿಸಿದ ಆ ಪುಸ್ತಕ ಕನ್ನಡದ ಯಾವುದೋ ಒಂದು ಪುಸ್ತಕದ ಇಂಗ್ಲಿಷ್ ರೂಪವಲ್ಲ, ಬೇರೆ ಬೇರೆ ಸಂಕಲನಗಳಿಂದ ಆರಿಸಿದ 12 ಕತೆಗಳು ಅಂತ ವಿವರಿಸಿ ವಿವರಿಸಿ ಗಂಟಲು ಒಣಗಿತು. ಕೊನೆಗೆ ಒಂದು ಭಾನುವಾರ ಬಾನು ಅವರ ಒಂದು ಕತೆಯನ್ನು ಪೂರ್ತಿ ಓದಿಸಿದೆವು. ನಿಲ್ಲಲೂ ಜಾಗವಿರಲಿಲ್ಲ. ಮೊದಲ ಸಲ ಬಂದವರಲ್ಲಿ ಇಬ್ಬರು ಈಗಲೂ ಬರುತ್ತಾರೆ. ಇಬ್ಬರೇ. ನನಗೇನೂ ಬೇಸರವಿಲ್ಲ.

"ಇದರಿಂದ ವ್ಯಾಪಾರ ಆಗುತ್ತಾ?" ಅಂತಲೂ ಕೇಳುತ್ತಾರೆ. ಭಾನುವಾರ ಮೂರೋ ನಾಲ್ಕೋ ಪುಸ್ತಕ ಹೋಗುತ್ತವೆ. ಆ ಲಾಭ ಪಕ್ಕದ ಹೋಟೆಲಿನ ಟೀ ದುಡ್ಡಿಗೆ ಸರಿಹೋಗುತ್ತದೆ. ವ್ಯಾಪಾರ ಅಂದರೆ ನವೆಂಬರ್. ರಾಜ್ಯೋತ್ಸವದ ರಿಯಾಯಿತಿ ಬಂತೆಂದರೆ ಜನ ಚೀಲ ತುಂಬಿಕೊಂಡು ಹೋಗುತ್ತಾರೆ. ಜನವರಿಯ ಭಾನುವಾರಕ್ಕೆ ಅವೇ ಪುಸ್ತಕಗಳು ಇಪ್ಪತ್ತನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿಕೊಂಡು ವಾಪಸ್ ಬರುತ್ತವೆ.

ಪುಸ್ತಕದ ನಡುವೆ ಕೂತು ಹರಟುವುದನ್ನು ನಾವೇನೂ ಕಂಡುಹಿಡಿದದ್ದಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟವೇ ಇದೆಯಲ್ಲ. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರೆಲ್ಲ ಹತ್ತಿ ಇಳಿದ ಮೆಟ್ಟಿಲು ಅದು. ಬೆಂಗಳೂರಿನ ಪ್ರೀಮಿಯರ್ ಬುಕ್‌ಶಾಪ್ 2009ರಲ್ಲಿ ಮುಚ್ಚಿದರೂ, ಅದರ ಮಾಲೀಕ ಟಿ.ಎಸ್. ಶಾನಭಾಗರು ಪುಸ್ತಕದ ರಾಶಿಯೊಳಗಿಂದ ಬೇಕಾದ್ದನ್ನೇ ಎಳೆದು ಕೊಡುತ್ತಿದ್ದುದನ್ನು ಹೇಳುವವರು ಇವತ್ತಿಗೂ ಸಿಗುತ್ತಾರೆ. ಅವರಿಗೆ ಗಿರಾಕಿಯ ಮುಖ ನೋಡಿದರೇ ಗೊತ್ತಾಗುತ್ತಿತ್ತೇನೋ. ನನಗೆ ಅಷ್ಟು ಕಣ್ಣಿಲ್ಲ, ಅದಕ್ಕೇ ಭಾನುವಾರ ಬೇಕು.

ಹೋದ ತಿಂಗಳು ಟೀಚರ್ ನನ್ನ ಕಡೆಗೇ ತಿರುಗಿದರು. "ಎಲ್ರನ್ನೂ ಕೇಳ್ತೀರಲ್ಲ, ನಿಮ್ದು ಯಾವುದಪ್ಪಾ?" ಒಪ್ಪಿಕೊಂಡೆ. ಕುಮಾರವ್ಯಾಸ ಭಾರತ. ಎರಡು ಸಲ ಹಿಡಿದು, ಎರಡು ಸಲವೂ ಸಭಾಪರ್ವದಲ್ಲಿ ನಿಂತಿದ್ದೇನೆ. ಎಕ್ಸೆಲ್ ಶೀಟಿನ ಹುಡುಗ ಎಲ್ಲರಿಗಿಂತ ಜೋರಾಗಿ ನಕ್ಕ. ಈ ಸಲ ಸಭಾಪರ್ವದಿಂದ ಹತ್ತು ಷಟ್ಪದಿ ಓದಬೇಕು ಅಂತ ತೀರ್ಮಾನವಾಗಿದೆ, ಓದಬೇಕಾದವನು ನಾನು. ಬರುವವರು ನಾಲ್ಕು ಗಂಟೆಗೆ ಐದು ನಿಮಿಷ ಮುಂಚೆ ಬನ್ನಿ. ಕುರ್ಚಿ ಇರುವುದು ಹದಿನಾಲ್ಕೇ, ಆಮೇಲೆ ಬಂದವರಿಗೆ ಚಾಪೆ.