ನೇತ್ರಾವತಿ ಮಾದರಿ: ಸ್ಟೀಮರ್ ಅಳಿವೆಯ ಆಚೆಗೆ

ನಾನು ಹಲಗೆಯ ಮೇಲೆ ಕಟ್ಟುತ್ತಿರುವ ಮಂಗಳೂರಿನ ಹಳೆ ಬಂದರಿನ ಪುಟ್ಟ ಮಾದರಿ ಈ ವಾರ ಒಂದು ಹದಕ್ಕೆ ಬಂತು. ಕಾಲ, 1907ಕ್ಕೆ ಮೊದಲು, ಅಂದರೆ ರೈಲು ಇನ್ನೂ ಊರಿಗೆ ಬಂದಿರದ ದಿನಗಳು. ಬೊಂಬಾಯಿಯ ಸ್ಟೀಮರನ್ನು ಧಕ್ಕೆಗೆ, ಅಂದರೆ ಹಡಗುಕಟ್ಟೆಗೆ, ತಾಗಿಸಿ ಇಟ್ಟರೆ ಚೆಂದ ಅಂತ ನೋಡಿದವರೆಲ್ಲ ಹೇಳುತ್ತಾರೆ. ಚೆಂದವೇನೋ ಹೌದು, ಆದರೆ ಸುಳ್ಳು. ನೇತ್ರಾವತಿ, ಗುರುಪುರ ಎರಡೂ ಹೊಳೆ ಸೇರಿ ಕಡಲಿಗೆ ಬೀಳುವ ಅಳಿವೆಯಲ್ಲಿ ಮರಳ ದಿಬ್ಬ. ದೊಡ್ಡ ಹಡಗು ಒಳಗೆ ಬರುವ ಹಾಗಿಲ್ಲ. ಅದು ಹೊರಗಡೆ ಲಂಗರು ಹಾಕಬೇಕು, ಸಾಮಾನು, ಜನ ಎಲ್ಲ ದೋಣಿಯಲ್ಲಿ ಹೋಗಿ ಹತ್ತಬೇಕು. ದೊಡ್ಡ ಹಡಗು ದಡಕ್ಕೇ ತಾಗುವ ಪಣಂಬೂರಿನ ಹೊಸ ಬಂದರು ಬಂದದ್ದು 1974ರಲ್ಲಿ. ಹಾಗಾಗಿ ಸ್ಟೀಮರಿಗಾಗಿಯೇ ಹಲಗೆಗೆ ಇನ್ನೊಂದು ತುಂಡು ಪ್ಲೈವುಡ್ ಜೋಡಿಸಿದೆ.

ಈ ಸಲ ಹೆಚ್ಚು ಹೊತ್ತು ತಿಂದದ್ದು ಹೊಳೆಯ ದೋಣಿಗಳು. ಒಡಲಿಗೆ ಹೆಬ್ಬಲಸಿನ ಚೂರು, ಹಾಯಿಗೆ ಅಡಿಕೆ ಹಾಳೆಯ ಒಳಪದರ. ಹಾಳೆಯನ್ನು ನೀರಲ್ಲಿ ನೆನೆಸಿ ಸುಲಿದರೆ ಬಟ್ಟೆಗಿಂತ ತೆಳುವಾದ ಪೊರೆ ಬರುತ್ತದೆ. ಒಣಗುವ ಮೊದಲೇ ಬಾಟಲಿಗೆ ಸುತ್ತಿಟ್ಟರೆ ಗಾಳಿ ತುಂಬಿದ ಬಾಗು ತಾನಾಗಿಯೇ ನಿಲ್ಲುತ್ತದೆ. ಒಂದು ದೋಣಿಯಲ್ಲಿ ಆವೆಮಣ್ಣು, ಇನ್ನೊಂದರಲ್ಲಿ ಸೌದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಹೊಳೆದಂಡೆ ನೋಡಿಯೇ: ಮಣ್ಣು ಹೊಳೆಯಲ್ಲಿ ಬರಬೇಕು, ಸುಟ್ಟ ಹಂಚು ಹೊಳೆಯಲ್ಲೇ ಬಂದರಿಗೆ ಹೋಗಬೇಕು. ನನ್ನ ಹಂಚಿನ ರಾಶಿಗೆ ಬಣ್ಣ ಹಚ್ಚಿಲ್ಲ, ಒಡೆದ ಹಂಚನ್ನೇ ತೇಯ್ದು ಅಂಟಿಸಿದ್ದೇನೆ. ಆ ಕೆಂಪು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ.

ಹೊಳೆಯಲ್ಲಿ ಮೇಲಕ್ಕೆ, ಪಾಣೆಮಂಗಳೂರಿನವರೆಗೂ ಒಂದು ಪುಟ್ಟ ಸ್ಟೀಮರ್ ಓಡಿಸು ಅಂತ ಗೆಳೆಯನ ಒತ್ತಾಯ. ಗಂಗೆಯಲ್ಲಿ 1834ರಿಂದಲೇ ಕಲ್ಕತ್ತಾ–ಅಲಹಾಬಾದ್ ಓಡಾಟ ಇತ್ತಲ್ಲ ಅನ್ನುತ್ತಾನೆ. ಇತ್ತು. ಅಲ್ಲಿ ಸ್ಟೀಮರ್ ಬರೀ ಎಳೆಯುವುದಕ್ಕೆ. ಜನ, ಸಾಮಾನು ಹಿಂದೆ ಕಟ್ಟಿದ ಚಪ್ಪಟೆ ತಳದ ದೋಣಿಯಲ್ಲಿ. ಬೇಸಿಗೆಯಲ್ಲಿ ಮರಳು, ಬಂಡೆ ಎದ್ದು ಕಾಣುವ ನೇತ್ರಾವತಿಯಲ್ಲಿ ಆ ಆಟ ನಡೆಯದು. ಇಲ್ಲಿ ಉಬ್ಬರ ನೋಡಿ ಹೊರಡುವುದು, ನೀರು ಕಮ್ಮಿಯಾದಲ್ಲಿ ಬಿದಿರ ಗಳು ಊರಿ ತಳ್ಳುವುದು. ಅವನ ಸಮಾಧಾನಕ್ಕೆ ಗಂಗೆಯ ಜೋಡಿಯನ್ನು ಬೇರೆ ಹಲಗೆಯಲ್ಲಿ ಮಾಡಿಕೊಡುತ್ತೇನೆ, ಮರದ ಖರ್ಚು ಅವನದು.

ಉಳಿದದ್ದು ಕಾರ್ಖಾನೆಯ ಚಿಮಣಿ ಮತ್ತು ನೀರು. ನೀರಿನ ಬದಲಿಗೆ ರೆಸಿನ್, ಅಂದರೆ ಗಟ್ಟಿಯಾಗುವ ಪಾರದರ್ಶಕ ದ್ರವ, ಹುಯ್ಯುವುದು ಸೆಪ್ಟೆಂಬರ್ ಕಳೆದ ಮೇಲೆ; ಮಳೆಗಾಲದ ಈ ಥಂಡಿಯಲ್ಲಿ ಅದು ಬೆಳ್ಳಗೆ ಮಸುಕಾಗಿಬಿಡುತ್ತದೆ. ಅಲ್ಲಿಯವರೆಗೆ ಚಿಮಣಿ.