ಧರ್ಮಸ್ಥಳಕ್ಕೆ ಎರಡು ಗಾಡಿ, ಎರಡು ಘಾಟಿ

ಧರ್ಮಸ್ಥಳಕ್ಕೆ ನಮ್ಮ ಎಕ್ಸ್‌ಯುವಿ 700, ಭಾವನ ಸ್ಕಾರ್ಪಿಯೊ-ಎನ್ ಎರಡನ್ನೂ ತೆಗೆದುಕೊಂಡು ಹೊರಟೆವು. ಶಿರಾಡಿ ಇಳಿದು, ಚಾರ್ಮಾಡಿ ಹತ್ತಿ ವಾಪಸ್. ಎರಡೂ ಮಹೀಂದ್ರಾದವೇ, ಎರಡರಲ್ಲೂ 2.2 ಲೀಟರ್ ಡೀಸೆಲ್ ಎಂಜಿನ್.

ಹಾಸನದವರೆಗೆ ಹೇಳುವಂಥದ್ದೇನಿಲ್ಲ, ಒಳ್ಳೆಯ ರಸ್ತೆ. ಮಕ್ಕಳು ನಿದ್ದೆ ಹೋದರು. ಅಲ್ಲಿ ನಾನೂ ಭಾವನೂ ಕೀ ಬದಲಾಯಿಸಿಕೊಂಡೆವು. ಅಮ್ಮ ನನ್ನ ಜೊತೆ ಸ್ಕಾರ್ಪಿಯೊ ಹತ್ತಿದರು.

ಸಕಲೇಶಪುರ ದಾಟಿದ ಮೇಲೆ ವ್ಯತ್ಯಾಸ ಗೊತ್ತಾಯಿತು. ಸ್ಕಾರ್ಪಿಯೊದಲ್ಲಿ ಲಾರಿಗಿರುವಂತೆ ಬೇರೆ ಚಾಸಿ, ಅದರ ಮೇಲೆ ಬಾಡಿ. ಹಿಂದಿನ ಎರಡು ಚಕ್ರಕ್ಕೂ ಒಂದೇ ಆಕ್ಸಲ್. ಹಾಗಾಗಿ ಎಡಚಕ್ರ ಗುಂಡಿಗಿಳಿದರೆ ಬಲಗಡೆ ಕೂತವರೂ ಅಲುಗುತ್ತಾರೆ. ಎಕ್ಸ್‌ಯುವಿಯಲ್ಲಿ ಹಿಂದಿನ ಚಕ್ರಗಳು ತಮ್ಮ ಪಾಡಿಗೆ ತಾವು ಏರಿಳಿಯುತ್ತವೆ.

ಆದರೆ ಓಡಿಸುವವನಿಗೆ ಸ್ಕಾರ್ಪಿಯೊ ಭಾರೀ ಮಜಾ. ಎತ್ತರದ ಸೀಟು, ಗುಂಡಿ ಕಂಡರೂ ಬ್ರೇಕ್ ಒತ್ತುವ ಮನಸ್ಸಾಗುವುದಿಲ್ಲ. ನಾನೂ ಹಾಗೇ ಒಂದು ಗುಂಡಿ ಇಳಿಸಿದೆ. ಹಿಂದಿನಿಂದ ಅಮ್ಮ, “ನಿಧಾನ ಕಣೋ, ಸೊಂಟ ನಂದು!” ಎಂದರು. ಸ್ಟೇರಿಂಗ್ ಹಿಡಿದವನ ಮಾತು ಕೇಳಿ ಫ್ಯಾಮಿಲಿ ಗಾಡಿ ಆರಿಸಬೇಡಿ.

ಅಂದಹಾಗೆ, ತಪ್ಪೆಲ್ಲ ಗಾಡಿಯದೂ ಅಲ್ಲ. ದಾರಿಯ ಬಂಕೊಂದರಲ್ಲಿ ಹುಡುಗ ಸುಮ್ನೆ 40 ಪಿಎಸ್‌ಐ ಗಾಳಿ ತುಂಬಿಬಿಟ್ಟಿದ್ದ. ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್ ನೋಡಿ ಅಷ್ಟಕ್ಕೆ ಇಳಿಸಿದ ಮೇಲೆ ಕುಲುಕಾಟ ಎಷ್ಟೋ ಕಡಿಮೆಯಾಯಿತು. ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ನೋಡಿಕೊಳ್ಳಿ.

ಚಾರ್ಮಾಡಿಯಲ್ಲಿ ಗುಂಡಿಗಿಂತ ತಿರುವುಗಳದ್ದೇ ಲೆಕ್ಕ. ಸ್ಕಾರ್ಪಿಯೊ ಸುಮಾರು 10 ಸೆಂ.ಮೀ. ಜಾಸ್ತಿ ಎತ್ತರ, ತಿರುವಿನಲ್ಲಿ ವಾಲುವುದೂ ಜಾಸ್ತಿ. ನಿಧಾನವಾಗಿ ಹೋದರೆ ಭಯವೇನಿಲ್ಲ. ಆದರೆ ಕೊನೆಯ ಸಾಲಿನಲ್ಲಿ ಮಕ್ಕಳಿದ್ದರೆ ವಾಂತಿ ಕವರ್ ಕೈಗೆ ಸಿಗುವಂತಿಡಿ. ಇದು ಎರಡು ಗಾಡಿಗೂ ಅನ್ವಯ! ಕೊನೆಯ ಸಾಲಿನಲ್ಲಿ ಜನ ಕೂತರೆ ಡಿಕ್ಕಿಯಲ್ಲಿ ಜಾಗವೂ ಅಷ್ಟಕ್ಕಷ್ಟೇ. ಸೂಟ್‌ಕೇಸ್ ಬೇಡ, ಮೆತ್ತನೆ ಬ್ಯಾಗ್ ತನ್ನಿ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಎದ್ದಾಗ ಅಮ್ಮ ಸೀದಾ ಹೋಗಿ ಎಕ್ಸ್‌ಯುವಿಯಲ್ಲಿ ಕೂತರು. “ಅತ್ತೆ, ನಮ್ಮ ಗಾಡಿ ಏನು ತಪ್ಪು ಮಾಡಿತು?” ಎಂದರು ಭಾವ. “ಹತ್ತೋಕೆ ಒಂದು ಮಣೆ ಇಡಿಸಿ, ಆಮೇಲೆ ನೋಡೋಣ.”

ಮಳೆಗಾಲದಲ್ಲಿ ಹೋಗುವವರು ಎರಡೂ ಘಾಟಿ ತೆರೆದಿವೆಯೇ ಎಂದು ಮೊದಲೇ ವಿಚಾರಿಸಿ. ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಕತ್ತಲಾಗುವ ಮೊದಲೇ ಚಾರ್ಮಾಡಿ ಹತ್ತಿಬಿಡಿ, ಮೇಲೆ ಮಂಜು ಕವಿದರೆ ಮುಂದಿನ ಗಾಡಿಯೂ ಕಾಣುವುದಿಲ್ಲ.