ಅಜ್ಜಿ ಓದಿದ ಬೋರ್ಡು

ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಒಬ್ಬ ಅಜ್ಜಿ ಬಸ್ಸಿನ ಬೋರ್ಡು ಓದುತ್ತಿದ್ದರು. ಕೂಡಿಸಿ ಕೂಡಿಸಿ. ಬ... ನ... ಅಂತ ಬಂದು 'ಶಂ' ಹತ್ತಿರ ನಿಂತುಬಿಟ್ಟರು. ತೋರುಬೆರಳಲ್ಲಿ ಅಂಗೈ ಮೇಲೆ ಶ ಬರೆದು, ಪಕ್ಕದಲ್ಲಿ ಒಂದು ಸೊನ್ನೆ ಇಟ್ಟು, ತುಟಿ ಅಲ್ಲಾಡಿಸಿ, ಆಮೇಲೆ ಜೋರಾಗಿ "ಬನಶಂಕರಿ!" ಅಂದರು.

ಪಕ್ಕದಲ್ಲೇ ಒಬ್ಬ ಕಾಲೇಜು ಹುಡುಗ. ಅವನಿಗೆ ಅದು ಒಂದು ಕ್ಷಣದ ಕೆಲಸ. ಆದರೂ ಬಾಯಿ ಬಿಡದೆ, ಅವರು ಓದಿ ಮುಗಿಸುವವರೆಗೂ ಸುಮ್ನೆ ಕಾದ.

"ಸರಿಯಾಯ್ತೇನಪ್ಪಾ?"

"ಸರಿಯಾಗಿದೆ ಅಜ್ಜಿ, ಹತ್ತಿ."

ಗೊತ್ತಿದ್ದೂ ಹೇಳದೆ ಇರೋದು ಎಷ್ಟು ಕಷ್ಟ ಅಲ್ವಾ? ಮಗು ಲೆಕ್ಕ ಬಿಡಿಸುವಾಗ, ಬ್ಯಾಂಕಿನಲ್ಲಿ ಯಾರೋ ನಿಧಾನಕ್ಕೆ ಚಲನ್ ತುಂಬುವಾಗ ನಾಲಿಗೆ ತಡೆಯೋದಿಲ್ಲ. ಸಹಾಯ ಅಂತಲೇ ಅಂದುಕೊಳ್ಳುತ್ತೇವೆ. ಅದರಲ್ಲಿ ಅರ್ಧ, ನನಗೆ ಗೊತ್ತು ಅಂತ ತೋರಿಸಿಕೊಳ್ಳುವ ಆಸೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ದುಡ್ಡಿಗೆ ಮನೆಯವರ ಮುಂದೆ ಕೈಚಾಚುವ ಹಂಗು ತಪ್ಪಿತು. ಬೋರ್ಡು ಓದಲು ಬಂದರೆ ದಾರಿ ಕೇಳುವ ಹಂಗೂ ತಪ್ಪುತ್ತದೆ, ಅದಕ್ಕೇ ಆ ಓದು ಅವರದ್ದೇ ಆಗಬೇಕಿತ್ತು. ಆ ಹುಡುಗನನ್ನು ಬೆಳೆಸಿದವರು ಯಾರೋ, ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ.